ಎಣ್ಣೆ ಪ್ರಶ್ನೆ: ಸಾವಿರದ ಬಾಟ್ಲಿ, ಐದು ಸಾವಿರದ ಬಾಟ್ಲಿ

ಹೋದ ಸಲ ಬಿಯರ್ ಬಗ್ಗೆ ಬರ್ದಾಗ್ಲೇ ಅರ್ಧ ಓದುಗರು "ಅದಿರ್ಲಿ, ವಿಸ್ಕಿ ಯಾವಾಗ" ಅಂತ ಕೇಳಿದ್ರಿ, ಸರಿ, ಈ ಸಲದ ಪುಟ ಪೂರ್ತಿ ವಿಸ್ಕಿಗೇ. ಹೆಸರು ಹಾಕ್ಬೇಡಿ ಅಂತ ಹೆಚ್ಚುಕಮ್ಮಿ ಎಲ್ರೂ ಕೇಳ್ಕೊಂಡಿದಾರೆ, ಅದಕ್ಕೆ ಊರಷ್ಟೇ ಹಾಕಿದೀವಿ. ರೇಟು ಪೈಸೆ ಲೆಕ್ಕದಲ್ಲಿ ಹೇಳಲ್ಲ, ಯಾಕಂದ್ರೆ ಅಬಕಾರಿ ಇಲಾಖೆ ಮನಸ್ಸು ಮಾಡಿದ ದಿನ ಎಂಆರ್‌ಪಿ ಬದಲಾಗುತ್ತೆ, ಇದು ನಿಮ್ಮ ಕೈಗೆ ಬರೋಷ್ಟರಲ್ಲಿ ಹಳೇದಾಗಿರುತ್ತೆ.

ತಿಂಗಳಿಗೆ ಒಂದು ಫುಲ್ ಬಾಟ್ಲಿ ತರ್ತೀನಿ ಸಾರ್, ಸಾವಿರ ರೂಪಾಯಿ ಆಸುಪಾಸು ನನ್ನ ಬಜೆಟ್ಟು. ಫ್ರೆಂಡ್ಸು ಒಬ್ಬೊಬ್ಬ ಒಂದೊಂದು ಹೇಳ್ತಾನೆ, ಅಂಗಡಿಯೋನು ಯಾವ್ದು ಸ್ಟಾಕ್ ಜಾಸ್ತಿ ಇದ್ಯೋ ಅದನ್ನ ಕೈಗಿಡ್ತಾನೆ. ಈ ರೇಟಲ್ಲಿ ಒಳ್ಳೇದು ಅಂತ ಏನಾದ್ರೂ ಇದ್ಯಾ, ಇಲ್ಲ ಎಲ್ಲಾ ಒಂದೇನಾ?
(ದಾವಣಗೆರೆ)

ಎಲ್ಲಾ ಒಂದೇ ಅಲ್ಲ ಸ್ವಾಮಿ, ಆದ್ರೆ ಬಾಟ್ಲಿ ಮುಂದುಗಡೆ ನೋಡಿದ್ರೆ ಆ ವ್ಯತ್ಯಾಸ ಗೊತ್ತಾಗಲ್ಲ. ಮುಂದುಗಡೆ ಕುದುರೆ, ಕಿರೀಟ, ಜಿಂಕೆ, ಚಿನ್ನದ ಗೆರೆ ಎಲ್ಲಾ ಇರುತ್ತೆ. ತಿರುಗಿಸಿ ಹಿಂದಿನ ಲೇಬಲ್ ನೋಡಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಒಳಗೇನಿದೆ ಅಂತ ಬರ್ದಿರ್ತಾರೆ, ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ. ನೀರು, ನ್ಯೂಟ್ರಲ್ ಸ್ಪಿರಿಟ್ಟು, ಮಾಲ್ಟ್ ಸ್ಪಿರಿಟ್ಟು (ಮೊಳಕೆ ಬರಿಸಿದ ಬಾರ್ಲಿಯದ್ದು) ಅಥವಾ ಸ್ಕಾಚು (ಸ್ಕಾಟ್ಲೆಂಡಿನ ವಿಸ್ಕಿ), ಕ್ಯಾರಮೆಲ್ ಬಣ್ಣ, ಕೆಲವದ್ರಲ್ಲಿ ಫ್ಲೇವರ್. ನಿಮ್ಮ ಬಜೆಟ್ಟಿನ ಇಡೀ ಕಥೆ ಈ ಒಂದು ಸಾಲಲ್ಲಿದೆ.

ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಎಷ್ಟೋ ತಯಾರಾಗೋದು ಸಕ್ಕರೆ ಫ್ಯಾಕ್ಟರಿಯಲ್ಲಿ ಉಳಿಯೋ ಕಾಕಂಬಿಯಿಂದ. ಕಾಕಂಬಿ ಹುಳಿ ಬರಿಸಿ, ಭಟ್ಟಿ ಇಳಿಸಿ, ಶೇ. 96ರಷ್ಟು ಆಲ್ಕೋಹಾಲ್ ಇರೋ ವಾಸನೆ ರುಚಿ ಏನೂ ಇಲ್ಲದ ಸ್ಪಿರಿಟ್ ಮಾಡ್ತಾರೆ, ಲೇಬಲ್ಲಿನ ನ್ಯೂಟ್ರಲ್ ಸ್ಪಿರಿಟ್ಟು ಅಂದ್ರೆ ಇದೇ, ಲೈನಲ್ಲಿರೋರು ಇಎನ್‌ಎ ಅಂತಾರೆ. ಇದಕ್ಕೆ ಸ್ವಲ್ಪ ಮಾಲ್ಟ್ ಸ್ಪಿರಿಟ್ ಸೇರಿಸಿ, ನೀರು ಹಾಕಿ, ಬಣ್ಣ ಕೊಟ್ರೆ ನಮ್ಮ ಲೆಕ್ಕದಲ್ಲಿ ವಿಸ್ಕಿ. ಯುರೋಪಿನಲ್ಲಿ ಇದನ್ನ ವಿಸ್ಕಿ ಅಂತ ಮಾರೋಕೇ ಬಿಡಲ್ಲ, ಅಲ್ಲಿ ಧಾನ್ಯದಿಂದ ಮಾಡಿ ಮರದ ಪೀಪಾಯಿಯಲ್ಲಿ ಮಾಗಿಸಿದ್ರೆ ಮಾತ್ರ ಆ ಹೆಸ್ರು. ಡಾಲ್ಡಾಗೆ ಎರಡು ಚಮಚ ತುಪ್ಪ ಹಾಕಿ ತುಪ್ಪ ಅಂತ ಕರೆದಂಗೆ ಅನ್ನಿ. ಪ್ರಶ್ನೆ ಏನಂದ್ರೆ ಎಷ್ಟು ಚಮಚ ಹಾಕಿದಾರೆ ಅನ್ನೋದು, ಅದನ್ನ ಮಾತ್ರ ಯಾವ ಕಂಪ್ನಿನೂ ಲೇಬಲ್ ಮೇಲೆ ಹಾಕಲ್ಲ.

ಹಂಗಾಗಿ ನಾನು ನೋಡೋದು ಮೂರೇ. ಸ್ಪಿರಿಟ್ಟು ಧಾನ್ಯದ್ದಾ ಅಂತ ಒಂದು, "ಗ್ರೇನ್" ಅನ್ನೋ ಪದ ಇರ್ಬೇಕು. ಮಾಲ್ಟ್ ಇದ್ಯಾ, ಅದು ಸ್ಕಾಚ್ ಮಾಲ್ಟಾ ಅಂತ ಇನ್ನೊಂದು. ಫ್ಲೇವರ್ ಸೇರಿಸಿದಾರಾ ಅನ್ನೋದು ಕೊನೇದು, ಸೇರಿಸಿದ್ರೆ ಆ ವೆನಿಲಾ ಘಮ ಪೀಪಾಯಿಯಿಂದ ಬಂದಿದ್ದಲ್ಲ, ಡಬ್ಬಿಯಿಂದ ಬಂದಿದ್ದು. ರಾಯಲ್ ಸ್ಟ್ಯಾಗ್ 1995ರಲ್ಲಿ ಬಂದಾಗ ಕಾಕಂಬಿ ಬಿಟ್ಟು ಧಾನ್ಯದ ಸ್ಪಿರಿಟ್ಟಿಗೆ ಸ್ಕಾಚ್ ಮಾಲ್ಟ್ ಬೆರೆಸಿದ್ದನ್ನೇ ದೊಡ್ಡದಾಗಿ ಹೇಳ್ಕೊಂಡಿದ್ರು, ಅದು ಬರೀ ಜಾಹೀರಾತಿನ ಮಾತಾಗಿರ್ಲಿಲ್ಲ, ಕುಡಿಯೋರಿಗೆ ವ್ಯತ್ಯಾಸ ಗೊತ್ತಾಗಿದ್ದಕ್ಕೇ ಆ ಬಾಟ್ಲಿ ಅಷ್ಟು ಓಡಿದ್ದು. ಅದೇ ಮನೆಯ ಬ್ಲೆಂಡರ್ಸ್ ಪ್ರೈಡ್ ಇನ್ನೊಂದು ಮೆಟ್ಲು ಮೇಲೆ, ಗಂಟ್ಲಲ್ಲಿ ಕೆರೆಯೋದು ಕಮ್ಮಿ. ಓಕ್‌ಸ್ಮಿತ್ ಅಂತ 2019ರಲ್ಲಿ ಬಂದಿದ್ದು ಸ್ಕಾಚ್ ಮಾಲ್ಟೂ ಅಮೆರಿಕದ ಬೋರ್ಬನ್ ಅನ್ನೋ ಮೆಕ್ಕೆಜೋಳದ ವಿಸ್ಕಿನೂ ಬೆರೆಸಿರೋದು, ಸ್ವಲ್ಪ ಸಿಹಿ ಕಡೆ ವಾಲುತ್ತೆ, ಸೋಡಾಗೆ ಚೆನ್ನಾಗಿ ಹೊಂದುತ್ತೆ. ಆಂಟಿಕ್ವಿಟಿ ಬ್ಲೂ ಇಷ್ಟಪಡೋ ಹಳಬರು ತುಂಬಾ ಜನ ಇದಾರೆ, ಅವ್ರ ಜೊತೆ ನಾನು ಜಗಳ ಆಡಲ್ಲ.

ಇನ್ನೊಂದು, ಫುಲ್ ಬಾಟ್ಲಿಗೆ ಕೈ ಹಾಕೋ ಮೊದ್ಲು ಅದೇ ಬ್ರ್ಯಾಂಡಿನ ಕ್ವಾರ್ಟರ್ ತಗೊಳ್ಳಿ. 180 ಎಂಎಲ್ ಅಂದ್ರೆ ಮೂರು ಸಿಕ್ಸ್ಟಿ. ಮೊದಲ ಪೆಗ್ಗಲ್ಲಿ ಸೋಡಾ, ಕೋಲಾ ಏನೂ ಬೇಡ, ಒಂದಕ್ಕೆ ಒಂದು ಮಾಮೂಲಿ ನೀರು ಹಾಕಿ ಐದು ನಿಮಿಷ ಸುಮ್ನೆ ಇಡಿ, ಆಮೇಲೆ ಮೂಗಿನ ಹತ್ರ ತನ್ನಿ. ಆಸ್ಪತ್ರೆ ಇಂಜೆಕ್ಷನ್ನಿಗೆ ಮುಂಚೆ ಹತ್ತೀಲಿ ಸವರೋ ವಾಸನೆ ಬಂತಾ, ಆ ಬ್ರ್ಯಾಂಡ್ ಬಿಡಿ. ಇಬ್ರು ಫ್ರೆಂಡ್ಸ್ ಸೇರಿ ಎರಡು ಬೇರೆ ಬೇರೆ ಕ್ವಾರ್ಟರ್ ತಂದು ಹೆಸ್ರು ಹೇಳ್ದೆ ಬಗ್ಗಿಸಿ ಕೊಟ್ಟು ನೋಡಿ, "ನಮ್ಮ ಬ್ರ್ಯಾಂಡೇ ಬೇಕು" ಅಂತ ಎದೆ ತಟ್ಟೋರಲ್ಲಿ ಎಷ್ಟು ಜನ ಅದನ್ನ ಕಂಡುಹಿಡೀತಾರೆ ಅಂತ ಗೊತ್ತಾಗುತ್ತೆ.

ಎಲ್ಲಾ ಬಾಟ್ಲಿ ಮೇಲೂ 42.8 ಪರ್ಸೆಂಟ್ ಅಂತಾನೇ ಇರುತ್ತೆ, ಅದ್ರ ಪಕ್ಕ 25 ಯುಪಿ ಅಂತ. 43 ಅಂತ ರೌಂಡ್ ಮಾಡಬಾರ್ದಾ? ಯುಪಿ ಅಂದ್ರೆ ಉತ್ತರ ಪ್ರದೇಶನಾ?
(ಹುಬ್ಬಳ್ಳಿ)

ಉತ್ತರ ಪ್ರದೇಶ ಅಲ್ಲ ಮಾರಾಯ್ರೆ, "ಅಂಡರ್ ಪ್ರೂಫ್". ಬ್ರಿಟಿಷರ ಕಾಲದ ಅಳತೆ. ಹಿಂದೆ ಮದ್ಯದಲ್ಲಿ ಬಂದೂಕಿನ ಮದ್ದಿನಪುಡಿ ನೆನೆಸಿ ಬೆಂಕಿ ಹಚ್ತಿದ್ರು, ಪುಡಿ ಹತ್ಕೊಂಡ್ರೆ ಮದ್ಯ ಗಟ್ಟಿ ಅಂತ ಪ್ರೂಫು ಸಿಕ್ಕಂಗೆ. ಆಮೇಲೆ ಅಳತೆ ಸರಿಯಾಗಿ ಕೂರಿಸಿದಾಗ 100 ಪ್ರೂಫ್ ಅಂದ್ರೆ ಸುಮಾರು ಶೇ. 57.1 ಆಲ್ಕೋಹಾಲ್ ಅಂತಾಯ್ತು. ಅದಕ್ಕಿಂತ 25 ಡಿಗ್ರಿ ಕೆಳಗೆ ಅಂದ್ರೆ 75, 57.1ರಲ್ಲಿ ಮುಕ್ಕಾಲು ತೆಗೀರಿ, 42.8 ಬಂತು. ಬ್ರಿಟಿಷರೇ ಆ ಅಳತೆ ಬಿಟ್ರು, ನಾವು ಇಟ್ಕೊಂಡಿದೀವಿ. ವಿದೇಶಿ ಬಾಟ್ಲಿ ಮೇಲೆ 40 ಅಂತ ಇದ್ರೆ ಮೋಸ ಅನ್ಕೋಬೇಡಿ, ಸ್ಕಾಚಿಗೆ ಕಾನೂನು ಪ್ರಕಾರ ಕನಿಷ್ಠ ಅಷ್ಟೇ ಇರ್ಬೇಕಾಗಿರೋದು.

ನಮ್ಮ ಮಾವನೋರಿಗೆ ಅರವತ್ತು ತುಂಬ್ತಾ ಇದೆ. ಒಂದು ಒಳ್ಳೆ ಬಾಟ್ಲಿ ಕೊಡೋಣ ಅಂತ. ಮೂರರಿಂದ ಐದು ಸಾವಿರದವರೆಗೂ ಹೋಗಬಲ್ಲೆ. ಅವ್ರು ಇಷ್ಟು ವರ್ಷ ಕುಡಿದಿದ್ದು ಮೆಕ್‌ಡೊವೆಲ್ಸ್ ನಂಬರ್ ಒನ್ನೇ. ಸಿಂಗಲ್ ಮಾಲ್ಟ್ ಕೊಟ್ರೆ ಖುಷಿ ಪಡ್ತಾರಾ? ಮನೆಯವಳು "ಅಪ್ಪಂಗೆ ಶರ್ಟ್ ಪೀಸ್ ಕೊಡಿ ಸಾಕು" ಅಂತಾಳೆ.
(ಮಂಡ್ಯ)

ಮನೆಯವ್ರ ಮಾತಿಗೆ ಎದುರು ಹೇಳೋ ಧೈರ್ಯ ನಂಗಿಲ್ಲ, ಶರ್ಟ್ ಪೀಸೂ ಕೊಡಿ.

ಬಾಟ್ಲಿ ವಿಷ್ಯಕ್ಕೆ ಬಂದ್ರೆ, ಮಾವನೋರು ಹೆಂಗೆ ಕುಡೀತಾರೆ ಅಂತ ಮೊದ್ಲು ನೋಡಿ. ಸಿಕ್ಸ್ಟಿಗೆ ಲೋಟ ತುಂಬಾ ಸೋಡಾ ಹಾಕಿ, ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜ ಇಟ್ಕೊಂಡು ಕುಡಿಯೋರಾದ್ರೆ ಸಿಂಗಲ್ ಮಾಲ್ಟಿನ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮಾಲ್ಟಿಂದ ಮಾಡಿದ್ದು) ಸೂಕ್ಷ್ಮ ಎಲ್ಲಾ ಆ ಸೋಡಾದಲ್ಲಿ ಮುಳುಗೋಗುತ್ತೆ. ಅಂಥೋರಿಗೆ ಬ್ಲೆಂಡೆಡ್ ಸ್ಕಾಚೇ ಸರಿ, ಅಂದ್ರೆ ಮಾಲ್ಟ್ ವಿಸ್ಕಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು. ಜಾನಿ ವಾಕರ್ ಬ್ಲಾಕ್ ಲೇಬಲ್ ಕೊಡಿ, ಹನ್ನೆರಡು ವರ್ಷದ್ದು, ಸ್ವಲ್ಪ ಹೊಗೆ ವಾಸನೆ ಇರುತ್ತೆ, ಸೋಡಾ ಹಾಕಿದ್ರೂ ಜೀವ ಹೋಗಲ್ಲ. ಆ ವಯಸ್ಸಿನವ್ರಿಗೆ ಆ ಚೌಕದ ಬಾಟ್ಲಿ, ಓರೆ ಲೇಬಲ್ಲು ಅಂದ್ರೆ ಬೇರೇನೇ ಮರ್ಯಾದೆ, ಯಾರಾದ್ರೂ ಫಾರಿನ್ನಿಂದ ಬಂದಾಗ ಮಾತ್ರ ನೋಡಿದ್ದು ಅಲ್ವಾ. ಖಾಲಿ ಆದ್ಮೇಲೂ ಬಾಟ್ಲಿ ಶೋಕೇಸಲ್ಲಿ ನಿಲ್ಲುತ್ತೆ ನೋಡ್ತಿರಿ. ಹೊಗೆ ಬೇಡ, ನಯವಾಗಿ ಇರ್ಲಿ ಅಂದ್ರೆ ಶಿವಾಸ್ ರೀಗಲ್ 12.

ನೀರು ಕಮ್ಮಿ ಹಾಕಿ ನಿಧಾನಕ್ಕೆ ಕುಡಿಯೋರಾದ್ರೆ ಮಾತ್ರ ಸಿಂಗಲ್ ಮಾಲ್ಟ್ ಯೋಚ್ನೆ ಮಾಡಿ. ಆಗ ಗ್ಲೆನ್‌ಫಿಡಿಕ್ 12, ಗ್ಲೆನ್‌ಲಿವೆಟ್ 12 ಅಂತ ಬಜೆಟ್ ದಾಟಿ ಹೋಗೋ ಬದ್ಲು ನಮ್ಮ ಬೆಂಗಳೂರಿನ ಅಮೃತ್ ಇಂಡಿಯನ್ ಸಿಂಗಲ್ ಮಾಲ್ಟೋ, ಗೋವಾದಲ್ಲಿ ಭಟ್ಟಿ ಇಟ್ಟಿರೋ ಪಾಲ್ ಜಾನ್ ಅವ್ರ ನಿರ್ವಾಣನೋ ಕೊಡಿ. ಅಮೃತ್ ಆದ್ರೆ "ಇದು ನಮ್ಮ ಮೈಸೂರು ರೋಡಲ್ಲೇ ಆಗೋದು ಮಾವ" ಅಂತ ಹೇಳಿ ಕೊಟ್ರೆ ಮಂಡ್ಯದವ್ರಿಗೆ ಇನ್ನೂ ಖುಷಿ. ಬಸ್ಸಲ್ಲಿ ಬೆಂಗಳೂರಿಗೆ ಹೋಗ್ತಾ ಕುಂಬಳಗೋಡು ದಾಟುವಾಗ ಎಷ್ಟು ಸಲ ಆ ಕಡೆ ಹಾದಿದಾರೋ.

ಅಮೃತ್ ಫ್ಯೂಷನ್ ರೇಟ್ ಕೇಳಿ ಶಾಕ್ ಆಯ್ತು. ಬಾಟ್ಲಿ ಮೇಲೆ ಎಷ್ಟು ವರ್ಷದ್ದು ಅಂತಾನೂ ಇಲ್ಲ. ನಾಲ್ಕೈದು ವರ್ಷದ್ದಂತೆ. ಅದೇ ದುಡ್ಡಿಗೆ ಹನ್ನೆರಡು ವರ್ಷದ ಸ್ಕಾಚ್ ಬರುತ್ತಲ್ಲ? ನಮ್ಮೂರ ಮಾಲು ಅಂತ ಅಭಿಮಾನ ಇದೆ, ಆದ್ರೆ ಅಭಿಮಾನಕ್ಕೂ ಒಂದು ರೇಟ್ ಬೇಡ್ವಾ?
(ಬೆಂಗಳೂರು, ವಿಜಯನಗರ)

ನ್ಯಾಯವಾದ ಪ್ರಶ್ನೆ. ಉತ್ತರ ಇರೋದು ಬೆಂಗಳೂರಿನ ಸೆಕೆಯಲ್ಲಿ.

ವಿಸ್ಕಿ ಭಟ್ಟಿಯಿಂದ ಇಳಿದಾಗ ನೀರಿನ ಥರ ಬಿಳಿ ಇರುತ್ತೆ. ಬಣ್ಣ, ವೆನಿಲಾ, ಒಣದ್ರಾಕ್ಷಿ, ಮಸಾಲೆ ಅಂತ ನಾವು ಏನೇನು ಹೊಗಳ್ತೀವೋ ಅದ್ರಲ್ಲಿ ದೊಡ್ಡ ಪಾಲು ಬರೋದು ಓಕ್ ಮರದ ಪೀಪಾಯಿಯಿಂದ. ಬಿಸಿ ಜಾಸ್ತಿ ಇದ್ದಷ್ಟು ಸ್ಪಿರಿಟ್ಟು ಮರದೊಳಗೆ ಹೋಗಿ ಬರೋದು ಜೋರು, ಹಂಗೇ ಆವಿಯಾಗಿ ಹೋಗೋದೂ ಜೋರು. ಆವಿಯಾಗಿ ಹೋಗಿದ್ದನ್ನ ಆ ಲೈನಿನೋರು ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳೀಲಿ ವರ್ಷಕ್ಕೆ ಸುಮಾರು ಶೇ. 2 ಹೋದ್ರೆ ಬೆಂಗಳೂರಲ್ಲಿ 10ರಿಂದ 12. ಲೆಕ್ಕ ಹಾಕಿ ನೋಡಿ, ಅಲ್ಲಿ ನೂರು ಲೀಟ್ರು ಇಟ್ರೆ ಹನ್ನೆರಡು ವರ್ಷ ಆದ್ಮೇಲೂ ಎಪ್ಪತ್ತೆಂಟು ಉಳಿಯುತ್ತೆ, ಇಲ್ಲಿ ಐದೇ ವರ್ಷಕ್ಕೆ ಐವತ್ತಾರಕ್ಕೆ ಇಳಿಯುತ್ತೆ. ಹನ್ನೆರಡು ವರ್ಷ ಕಾಯ್ತೀನಿ ಅಂದ್ರೆ ಪೀಪಾಯಿ ತಳದಲ್ಲಿ ಕಾಲು ಭಾಗನೂ ಉಳಿಯಲ್ಲ, ಉಳಿದಿದ್ದೂ ಬರೀ ಮರದ ಕಷಾಯ ಆಗಿರುತ್ತೆ. ಎಂಟು ವರ್ಷ ಕಾದು ಅಮೃತ್‌ನವ್ರು ಹೊರಗೆ ಬಿಟ್ಟ ಬಾಟ್ಲಿಗೆ "ಗ್ರೀಡಿ ಏಂಜಲ್ಸ್" ಅಂತಾನೇ ಹೆಸರಿಟ್ರು, ದುರಾಸೆ ದೇವತೆಗಳು ಅಂತ ಬೈದಂಗೇನೇ ಅದು.

ಹಂಗಾಗಿ ಇಲ್ಲಿನ ಐದು ವರ್ಷನ ಅಲ್ಲಿನ ಹನ್ನೆರಡರ ಪಕ್ಕ ಇಟ್ಟು ತೂಗೋಕೆ ಬರಲ್ಲ. ಬಾಟ್ಲಿ ಮೇಲಿನ ವರ್ಷ ಅಂದ್ರೆ ಒಳಗಿರೋದ್ರಲ್ಲಿ ಎಲ್ಲಕ್ಕಿಂತ ಎಳೇದ್ರ ವಯಸ್ಸು, ಅಷ್ಟೇ. ಅದು ಒಳ್ಳೇದೋ ಕೆಟ್ಟದ್ದೋ ಅಂತ ಹೇಳೋ ಮಾರ್ಕ್ಸ್ ಕಾರ್ಡ್ ಅಲ್ಲ.

ಇನ್ನು ಆ ಹೆಸರಿಗೆ ಮರ್ಯಾದೆ ಬಂದ ದಾರಿ ತಮಾಷೆಯಾಗಿದೆ. ಅಮೃತ್ ಡಿಸ್ಟಿಲರಿ ಶುರುವಾಗಿದ್ದು 1948ರಲ್ಲಿ, ದಶಕಗಟ್ಲೆ ರಮ್ಮು ಬ್ರಾಂದಿ ಮಾಡ್ಕೊಂಡೇ ಬಂದೋರು, ಓಲ್ಡ್ ಪೋರ್ಟ್ ರಮ್ ಇವತ್ತಿಗೂ ಅವ್ರದ್ದೇ. ಸಿಂಗಲ್ ಮಾಲ್ಟ್ ಮಾಡಿದಾಗ ಅದನ್ನ ಮೊದ್ಲು ಹೊರಗೆ ತಂದಿದ್ದು ಮೆಜೆಸ್ಟಿಕ್ಕಲ್ಲೂ ಅಲ್ಲ ಎಂಜಿ ರೋಡಲ್ಲೂ ಅಲ್ಲ, 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಸ್ಕಾಚಿನ ಊರಿಗೇ ಹೋಗಿ ಇಂಡಿಯಾದ ವಿಸ್ಕಿ ಮಾರ್ತೀನಿ ಅನ್ನೋದು ಎಂಥ ಗಟ್ಟಿ ಗುಂಡಿಗೆ ನೋಡಿ. ಶುರುವಿನ ವರ್ಷಗಳಲ್ಲಿ ಮಾರೋಕೆ ಒದ್ದಾಡಿದ್ರು. ಆಮೇಲೆ ಜಿಮ್ ಮರ್ರೆ ಅನ್ನೋ ಇಂಗ್ಲಿಷ್ ವಿಮರ್ಶಕ ತನ್ನ 2010ರ ವಿಸ್ಕಿ ಕೈಪಿಡಿಯಲ್ಲಿ ಫ್ಯೂಷನ್ನಿಗೆ 97 ಅಂಕ ಕೊಟ್ಟು ಜಗತ್ತಲ್ಲೇ ಮೂರನೇದು ಅಂತ ಬರೆದ್ರು. ನಮ್ಮ ಊರಿನ ಅಂಗಡಿಗೆ ಈ ಸಿಂಗಲ್ ಮಾಲ್ಟ್ ಬಂದಿದ್ದು 2010ರಲ್ಲಿ, ಹೊರಗಿನೋರು ಹೊಗಳಿದ್ಮೇಲೆ. ಇದ್ರಲ್ಲಿ ನಮ್ಮ ಗುಣ ಏನು ಅಂತ ನೀವೇ ಅರ್ಥ ಮಾಡ್ಕೊಳ್ಳಿ.

ಫ್ಯೂಷನ್ ಅಂತ ಹೆಸರು ಯಾಕಂದ್ರೆ ಇಂಡಿಯಾದ ಬಾರ್ಲಿಯದ್ದೂ, ಪೀಟ್ (ನೆಲದಿಂದ ಕಡಿದ ಕೊಳೆತ ಗಿಡಗಂಟಿ) ಸುಟ್ಟ ಹೊಗೆ ಹಾಕಿದ ಸ್ಕಾಟ್ಲೆಂಡ್ ಬಾರ್ಲಿಯದ್ದೂ ಎರಡೂ ಸೇರಿದೆ. ಶೇ. 50 ಆಲ್ಕೋಹಾಲ್, ಅಂದ್ರೆ ಮಾಮೂಲಿ ಬಾಟ್ಲಿಗಿಂತ ಗಟ್ಟಿ, ಸಿಕ್ಸ್ಟಿ ಹಾಕೋ ಕಡೆ ಐವತ್ತು ಹಾಕಿದ್ರೆ ಸಾಕು, ಆ ಲೆಕ್ಕದಲ್ಲಿ ರೇಟೂ ಸ್ವಲ್ಪ ಇಳೀತು ಅನ್ಕೊಳ್ಳಿ. ನನ್ನ ಅಭಿಪ್ರಾಯ ಕೇಳಿದ್ರೆ ಆ ದುಡ್ಡಿಗೆ ಅದು ಸರಿಯಾದ ಬಾಟ್ಲಿನೇ. ಆದ್ರೆ ಅದ್ರಿಂದ ಮೇಲೆ, ಹತ್ತು ಹದಿನೈದು ಸಾವಿರದ ಸ್ಪೆಷಲ್ ಎಡಿಷನ್ನು ಅಂತ ಮರದ ಪೆಟ್ಟಿಗೇಲಿ ವೆಲ್ವೆಟ್ ಹಾಸಿ ಬರುತ್ತಲ್ಲ, ಅಮೃತ್‌ದಾಗ್ಲಿ ಬೇರೆ ಯಾರದ್ದೇ ಆಗ್ಲಿ, ಅಲ್ಲಿ ರುಚಿ ಏರೋದಕ್ಕಿಂತ ರೇಟು ಏರೋದು ಬೇಗ. ಅದು ಸಂಗ್ರಹ ಮಾಡೋರ ಚಟ, ಕುಡಿಯೋರ ಲೆಕ್ಕ ಅಲ್ಲ.

ಅಮೃತ್ ಒಂದೇ ಅಲ್ಲ ಈಗ. ಹರಿಯಾಣದ ಇಂದ್ರಿ, ಉತ್ತರ ಪ್ರದೇಶದ ರಾಂಪುರ್ (ಹುಬ್ಬಳ್ಳಿಯೋರೆ, ಇದು ಮಾತ್ರ ನಿಜವಾದ ಯುಪಿ), ರಾಜಸ್ಥಾನದ ಗೋದಾವನ್ ಎಲ್ಲಾ ಬಂದಿವೆ. ಇಂದ್ರಿ ಟ್ರಿನಿ ಅನ್ನೋದು ಮೊದ್ಲು ಬೋರ್ಬನ್, ವೈನ್, ಶೆರಿ (ಸ್ಪೇನಿನ ಒಂದು ಥರದ ವೈನ್) ತುಂಬಿದ್ದ ಮೂರು ಥರದ ಪೀಪಾಯಿಯಲ್ಲಿ ಮಾಗಿಸಿದ್ದು, ಸಿಹಿ ಇಷ್ಟಪಡೋರು ಮೊದಲನೇ ಸಿಂಗಲ್ ಮಾಲ್ಟ್ ಅಂತ ಇದನ್ನ ಹಿಡೀಬಹುದು.

ಬ್ಲಾಕ್ ಅಂಡ್ ವೈಟ್, ಹಂಡ್ರೆಡ್ ಪೈಪರ್ಸ್, ಟೀಚರ್ಸ್, ವ್ಯಾಟ್ 69 ಇವೆಲ್ಲಾ ಸ್ಕಾಚ್ ಅಂತ ಮಾರ್ತಾರೆ. ಹಿಂದೆ ನೋಡಿದ್ರೆ ಬಾಟಲ್ಡ್ ಇನ್ ಇಂಡಿಯಾ. ಇದು ಸ್ಕಾಚಾ ಅಲ್ವಾ? ಹಂಗಾದ್ರೆ ನಮ್ಮಪ್ಪ ಕುಡೀತಿದ್ದ ಪೀಟರ್ ಸ್ಕಾಟ್?
(ಶಿವಮೊಗ್ಗ)

ಮೊದಲಿನ ನಾಲ್ಕೂ ಸ್ಕಾಚೇ. ಸ್ಕಾಟ್ಲೆಂಡಲ್ಲೇ ಭಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿಸಿದ್ದನ್ನ ದೊಡ್ಡ ಟ್ಯಾಂಕಲ್ಲಿ ಹಡಗಿಗೆ ಹಾಕಿ ಇಲ್ಲಿಗೆ ತಂದು ನೀರು ಸೇರಿಸಿ ಬಾಟ್ಲಿಗೆ ತುಂಬ್ತಾರೆ. ಗಾಜು, ಡಬ್ಬ, ಸಾಗಣೆ ಖರ್ಚು ಉಳಿಯುತ್ತೆ, ಅದಕ್ಕೇ ಅಲ್ಲೇ ತುಂಬಿ ಬಂದಿದ್ದಕ್ಕಿಂತ ಅಗ್ಗ. ರುಚಿ ಬೇರೆ ಅಂತ ವಾದ ಮಾಡೋರು ಪ್ರತಿ ಟೇಬಲ್ಲಲ್ಲೂ ಒಬ್ರು ಇರ್ತಾರೆ, ಬಾಟ್ಲಿ ಮರೆಮಾಡಿ ಬಗ್ಗಿಸಿ ಕೊಡಿ, ಸುಮ್ನಾಗ್ತಾರೆ. ಸಾವಿರದ ಬಾಟ್ಲಿಂದ ಒಂದು ಹೆಜ್ಜೆ ಮೇಲೆ ಹೋಗ್ಬೇಕು ಅನ್ನೋರಿಗೆ ನಾನು ಹೇಳೋದು ಇದೇ ಸಾಲು, ಯಾಕಂದ್ರೆ ಇಲ್ಲಿಂದ ಕಾಕಂಬಿ, ನ್ಯೂಟ್ರಲ್ ಸ್ಪಿರಿಟ್ಟಿನ ಕಥೆನೇ ಮುಗೀತು, ಪೂರ್ತಿ ಧಾನ್ಯ, ಪೂರ್ತಿ ಮಾಗಿದ್ದು. ಟೀಚರ್ಸಲ್ಲಿ ಮಾಲ್ಟ್ ಗಟ್ಟಿ, ಹೊಗೆ ಸ್ವಲ್ಪ ಜಾಸ್ತಿ, ಬ್ಲಾಕ್ ಅಂಡ್ ವೈಟ್ ಹಗುರ. ನನಗೆ ಟೀಚರ್ಸ್.

ಪೀಟರ್ ಸ್ಕಾಟ್ ಸ್ಕಾಚ್ ಅಲ್ಲ, ಅದು ನಮ್ಮ ಬೆಂಗಳೂರಿನ ಖೋಡೇಸ್ ಅವ್ರು 1968ರಲ್ಲಿ ತಂದ ವಿಸ್ಕಿ. ಹೆಸರಲ್ಲಿ ಸ್ಕಾಟ್ ಇದೆ ಅಂತ ಸ್ಕಾಚ್ ವಿಸ್ಕಿ ಅಸೋಸಿಯೇಷನ್‌ನವ್ರು ಕೇಸ್ ಹಾಕಿ ವರ್ಷಾನುಗಟ್ಲೆ ನಡೆಸಿದ್ರು, ಕೊನೆಗೆ 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೇಸ್ ಪರ ತೀರ್ಪು ಕೊಡ್ತು. ಇಷ್ಟು ವರ್ಷ ಸುಮ್ನಿದ್ದು ಈಗ ಬಂದಿದೀರಲ್ಲ ಅನ್ನೋದು ಅದ್ರಲ್ಲಿ ಒಂದು ಮುಖ್ಯ ಅಂಶ. ಅಪ್ಪಾಜಿಯವ್ರ ಆಯ್ಕೆಗೆ ಕೋರ್ಟ್ ಮುದ್ರೆನೇ ಇದೆ, ಇನ್ನೇನು ಬೇಕು.

ಇಂಗ್ಲೆಂಡ್ ಜೊತೆ ಒಪ್ಪಂದ ಆಯ್ತಲ್ಲ, ಸ್ಕಾಚ್ ಅರ್ಧ ರೇಟಿಗೆ ಬರುತ್ತಂತೆ. ಈಗ ತಗೊಳ್ಲಾ, ಕಾಯ್ಲಾ?
(ಬೆಳಗಾವಿ)

ಕುಡಿಯೋದಿದ್ರೆ ತಗೊಳ್ರಿ, ಕಾಯಬ್ಯಾಡ್ರಿ. 2025ರ ಜುಲೈನಲ್ಲಿ ಸಹಿ ಆದ ಆ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚಿನ ಆಮದು ಸುಂಕ ಶೇ. 150ರಿಂದ 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ 40ಕ್ಕೆ ಇಳೀಬೇಕು ಅಂತಿದೆ. ಆದ್ರೆ ಆ ಸುಂಕ ಬೀಳೋದು ಹಡಗಿಂದ ಇಳಿದಾಗಿನ ಬೆಲೆ ಮೇಲೆ, ಅಂಗಡಿ ಎಂಆರ್‌ಪಿ ಮೇಲಲ್ಲ. ಉದಾಹರಣೆಗೆ ಬಾಟ್ಲಿ ಬಂದರಿಗೆ ಐನೂರು ರೂಪಾಯಿಗೆ ಬಂತು ಅನ್ಕೊಳ್ಳಿ, ಸುಂಕ 750 ಇದ್ದದ್ದು 375 ಆಗುತ್ತೆ. ಅಂಗಡೀಲಿ ಅದ್ರ ರೇಟು ಮೂರು ಸಾವಿರ ಇದ್ರೆ ಉಳಿದದ್ದು ಎಲ್ಲಿ ಹೋಯ್ತು? ರಾಜ್ಯದ ಅಬಕಾರಿ ಸುಂಕ, ಕಂಪ್ನಿ, ಅಂಗಡಿ. ಒಪ್ಪಂದ ಮಾಡಿದ್ದು ದಿಲ್ಲಿ, ನಿಮ್ಮ ಬಾಟ್ಲಿ ರೇಟಿನ ದೊಡ್ಡ ಕೀಲಿ ಇರೋದು ಬೆಂಗಳೂರಲ್ಲಿ. 2024ರಲ್ಲಿ ರಾಜ್ಯದವ್ರು ಅಬಕಾರಿ ಸುಂಕದ ಸ್ಲ್ಯಾಬ್ (ಬೆಲೆ ನೋಡಿ ಸುಂಕ ಹಾಕೋ ಮೆಟ್ಲು) 18ರಿಂದ 16ಕ್ಕೆ ಇಳಿಸಿದಾಗ ಮೇಲಿನ ದರ್ಜೆಯವು ಇಳಿದ್ವು ನೋಡಿ, ಹಂಗೆ.

ಮತ್ತೆ ಗೋವಾ ಹತ್ರ ಇದೆ ಅಂತ ಅಲ್ಲಿಂದ ಹೊತ್ಕೊಂಡು ಬರೋ ಯೋಚ್ನೆ ಇದ್ರೆ ಬಿಡಿ. ಕರ್ನಾಟಕದ ಸುಂಕ ಕಟ್ಟದ ಬಾಟ್ಲಿ ಚೆಕ್‌ಪೋಸ್ಟಲ್ಲಿ ಸಿಕ್ರೆ ಉಳಿಸಿದ ದುಡ್ಡಿಗಿಂತ ಓಡಾಟದ ಖರ್ಚೇ ಜಾಸ್ತಿ ಆಗುತ್ತೆ.

ದುಬೈಯಿಂದ ಊರಿಗೆ ಬರ್ತಾ ಇದೀನಿ. ಅಣ್ಣಂಗೆ ಡ್ಯೂಟಿ ಫ್ರೀಯಲ್ಲಿ ಏನು ತಗೊಳ್ಲಿ?
(ಮೂಲ ಉಡುಪಿ)

ಒಬ್ರಿಗೆ ಎರಡು ಲೀಟರ್ ಲೆಕ್ಕ, ಡ್ಯೂಟಿ ಫ್ರೀಯಲ್ಲಿ ಒಂದು ಲೀಟರ್ ಬಾಟ್ಲಿಗಳೇ ಜಾಸ್ತಿ ಇರೋದ್ರಿಂದ ಎರಡು ಬಾಟ್ಲಿ ಸಲೀಸು. ಊರಲ್ಲಿ ಸಿಗೋ ರೆಡ್ ಲೇಬಲ್ ತಂದು ಜಾಗ ವೇಸ್ಟ್ ಮಾಡ್ಬೇಡಿ. ಊರಲ್ಲಿ ಯಾವ್ದು ದುಬಾರಿನೋ ಅದಕ್ಕೆ ಆ ಎರಡು ಲೀಟರ್ ಇಡಿ, ಒಂದು ಗ್ಲೆನ್‌ಮೊರೆಂಜಿ ಥರದ ಸಿಂಗಲ್ ಮಾಲ್ಟು, ಇನ್ನೊಂದು ಮಂಕಿ ಶೋಲ್ಡರ್. ಮಂಕಿ ಶೋಲ್ಡರ್ ಅಂದ್ರೆ ಬರೀ ಮಾಲ್ಟುಗಳನ್ನೇ ಬೆರೆಸಿದ್ದು, ಗ್ರೇನ್ ವಿಸ್ಕಿ ಇಲ್ಲ, ಸೋಡಾಗೂ ಹೊಂದುತ್ತೆ, ಹಂಗೇ ಕುಡಿದ್ರೂ ಇಳಿಯುತ್ತೆ. ಏರ್‌ಪೋರ್ಟಿಗಷ್ಟೇ ಅಂತ ಮಾಡಿರೋ ಹೊಳೆಯೋ ಡಬ್ಬಗಳಿಗೆ ಮರುಳಾಗ್ಬೇಡಿ, ಕೆಲವದ್ರಲ್ಲಿ ವಯಸ್ಸೂ ಇರಲ್ಲ ವಿಶೇಷನೂ ಇರಲ್ಲ.

ಕಾಸ್ಟ್ಲಿ ವಿಸ್ಕಿ ಕುಡಿದ್ರೆ ಬೆಳಿಗ್ಗೆ ತಲೆನೋವು ಬರಲ್ಲ ಅಂತಾರಲ್ಲ, ನಿಜನಾ?
(ತುಮಕೂರು)

ಅರ್ಧ ಸುಳ್ಳು, ಇನ್ನರ್ಧ ಉಲ್ಟಾ. ತಲೆನೋವಿಗೆ ಮೊದಲ ಕಾರಣ ಆಲ್ಕೋಹಾಲೇ, ಅದು ಐನೂರರ ಬಾಟ್ಲೀಲೂ ಐದು ಸಾವಿರದ ಬಾಟ್ಲೀಲೂ ಒಂದೇ. 42.8ರ ಒಂದು ಸಿಕ್ಸ್ಟೀಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ, ಅಷ್ಟನ್ನ ಕರಗಿಸೋಕೆ ಲಿವರಿಗೆ ಎರಡರಿಂದ ಮೂರು ಗಂಟೆ ಬೇಕು. ಉಲ್ಟಾ ಯಾಕಂದೆ ಅಂದ್ರೆ, ಪೀಪಾಯಿಯಲ್ಲಿ ಮಾಗಿದ ವಿಸ್ಕಿಯಲ್ಲಿ ರುಚಿ ಕೊಡೋ ಬೇರೆ ರಾಸಾಯನಿಕಗಳು ನ್ಯೂಟ್ರಲ್ ಸ್ಪಿರಿಟ್ಟಿಗಿಂತ ಜಾಸ್ತಿ, ಅವೂ ಹ್ಯಾಂಗೋವರ್ ಸ್ವಲ್ಪ ಏರಿಸ್ತವೆ, ಬೋರ್ಬನ್ನೂ ವೋಡ್ಕಾನೂ ಸಮ ಕುಡಿಸಿ ನೋಡಿದಾಗ ಬೋರ್ಬನ್ ಕುಡಿದೋರೇ ಬೆಳಿಗ್ಗೆ ಜಾಸ್ತಿ ನರಳಿದ್ರು. ಕಾಸ್ಟ್ಲಿ ಬಾಟ್ಲೀಲಿ ತಲೆನೋವು ಕಮ್ಮಿ ಅನ್ಸೋಕೆ ಕಾರಣ, ರೇಟ್ ನೆನೆಸ್ಕೊಂಡು ನೀವು ಎರಡಕ್ಕೇ ನಿಲ್ಲಿಸ್ತೀರ. ರಾತ್ರಿ ಹನ್ನೊಂದಕ್ಕೆ ಐದನೇ ಸಿಕ್ಸ್ಟಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಬೈಕ್ ಹತ್ತಿದ್ರೆ ಆಲ್ಕೋಹಾಲ್ ಇನ್ನೂ ಒಳಗಿರೋ ಸಾಧ್ಯತೆ ಇದೆ, ಪೊಲೀಸರ ಮಿಷಿನ್ ಲೆಕ್ಕದ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಅದು ರಾತ್ರಿ ಹಗಲು ನೋಡಲ್ಲ.

ವಿಸ್ಕಿಗೆ ನೀರು ಹಾಕೋದು ಪಾಪ ಅಂತಾನೆ ನಮ್ಮ ಬಾವ, ರಾ ಹೊಡೀತಾನೆ. ಮಳೇಲಿ ನಾವು ಬಿಸಿನೀರು ಹಾಕ್ತೀವಿ. ಯಾರು ಸರಿ?
(ಮಡಿಕೇರಿ)

ನೀವು. ಸ್ಕಾಟ್ಲೆಂಡಲ್ಲಿ ವಿಸ್ಕಿ ಬೆರೆಸೋ ಕೆಲಸದೋರೇ ಅರ್ಧಕ್ಕರ್ಧ ನೀರು ಹಾಕಿ ಮೂಸಿ ನೋಡೋದು. ನೀರು ಹಾಕಿದಾಗ ಹೊಗೆ ವಾಸನೆ ಕೊಡೋ ಗ್ವಾಯಕಾಲ್ ಅನ್ನೋ ಅಂಶ ಮೇಲ್ಮೈಗೆ ಬರುತ್ತೆ ಅಂತ 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದಾರೆ, ಬಾವನೋರಿಗೆ ಹೇಳಿ. ಕೊಡಗಿನ ಜುಲೈ ಮಳೇಲಿ ಬಿಸಿನೀರು, ಎರಡು ಲವಂಗ, ಒಂದು ಚಮಚ ಜೇನು, ಇದಕ್ಕೆ ಸಾವಿರದ ಬಾಟ್ಲಿನೇ ಬಳಸಿ, ಸಿಂಗಲ್ ಮಾಲ್ಟ್ ಬೇಡ.

ತಾತನ ಬೀರುವಲ್ಲಿ 1998ರ ಬಾಟ್ಲಿ ಸಿಕ್ಕಿದೆ, ಸೀಲ್ ಒಡೆದಿಲ್ಲ. ಈಗ ಇಪ್ಪತ್ತೈದು ವರ್ಷ ದಾಟಿದ ವಿಸ್ಕಿ ಆಯ್ತಲ್ಲ, ಎಷ್ಟಕ್ಕೆ ಹೋಗುತ್ತೆ?
(ಹಾಸನ)

ಮಾರೋಕೆ ಹೋಗ್ಬೇಡಿ, ಲೈಸೆನ್ಸ್ ಇಲ್ಲದೆ ಮಾರೋದು ಅಪರಾಧ. ಮತ್ತೆ ವಿಸ್ಕಿ ಮಾಗೋದು ಪೀಪಾಯಿಯಲ್ಲಿ ಮಾತ್ರ, ಗಾಜಿನೊಳಗೆ ಅದ್ರ ವಯಸ್ಸು ನಿಂತೋಗುತ್ತೆ. 1998ರಲ್ಲಿ ಹೆಂಗಿತ್ತೋ ಈಗ್ಲೂ ಹೆಚ್ಚುಕಮ್ಮಿ ಹಂಗೇ ಇರುತ್ತೆ. ಬೆಳಕಿಗೆ ಹಿಡಿದು ಮಟ್ಟ ನೋಡಿ, ಕುತ್ತಿಗೆಯಿಂದ ಕೆಳಗೆ ಇಳಿದಿದ್ರೆ ಮುಚ್ಚಳದಿಂದ ಆವಿಯಾಗಿದೆ. ಕಾರ್ಕ್ ಇರೋದಾದ್ರೆ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದ್ರೆ ಸ್ಪಿರಿಟ್ಟು ಕಾರ್ಕನ್ನ ತಿಂದಾಕುತ್ತೆ. ತೆಗೆಯುವಾಗ ಕಾರ್ಕ್ ಮುರಿದು ಒಳಗೆ ಬಿದ್ರೆ ಟೀ ಸೋಸೋ ಜರಡಿ ಸಾಕು. ಒಂದ್ಸಲ ತೆಗೆದ್ಮೇಲೆ ಕಾಲು ಭಾಗಕ್ಕೆ ಇಳಿದ ಬಾಟ್ಲಿನ ವರ್ಷಗಟ್ಲೆ ಇಡ್ಬೇಡಿ, ಒಳಗಿನ ಗಾಳಿಗೆ ರುಚಿ ಸಪ್ಪೆ ಆಗುತ್ತೆ.

ಲಾಫ್ರಾಯ್ಗ್ ಅಂತ ಒಂದು ಕುಡಿದೆ, ಥೂ, ಡೆಟಾಲು. ಫ್ರೆಂಡು "ಇದೇ ಕ್ಲಾಸು" ಅಂತಾನೆ. ನನ್ನ ನಾಲಿಗೆ ಸರಿ ಇಲ್ವಾ?
(ಕಲಬುರಗಿ)

ನಾಲಿಗೆ ಸರೀನೇ ಇದೆ. ಲಾಫ್ರಾಯ್ಗ್ ಬರೋದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರೋ ಐಲಾ ಅನ್ನೋ ದ್ವೀಪದಿಂದ, ಅಲ್ಲಿ ಬಾರ್ಲಿ ಒಣಗಿಸೋಕೆ ಪೀಟ್ ಅಂತ ನೆಲದಿಂದ ಕಡಿದು ತೆಗೆದ ಕೊಳೆತ ಗಿಡಗಂಟಿಯ ಹೆಂಟೆ ಸುಡ್ತಾರೆ, ಆ ಹೊಗೆಯಲ್ಲಿರೋ ಫೀನಾಲುಗಳೇ ನಿಮಗೆ ಡೆಟಾಲ್ ಅನ್ಸಿದ್ದು. ಮೊದಲನೇ ಸಲಕ್ಕೇ ಅದಕ್ಕೆ ಕೈ ಹಾಕಿದ್ದು ದುಡುಕು. ಹೊಗೆ ಬೇಕೋ ಬೇಡ್ವೋ ಅಂತ ನೋಡೋಕೆ ಪಾಲ್ ಜಾನ್ ಎಡಿಟೆಡ್ ನೋಡಿ, ಬಹಳ ಕಮ್ಮಿ ಹೊಗೆ, ಅದು ಹಿಡಿಸಿದ್ರೆ ಟಾಲಿಸ್ಕರ್, ಅದೂ ಹಿಡಿಸಿದ್ರೆ ಮಾತ್ರ ಮತ್ತೆ ಐಲಾ ಕಡೆ ಹೋಗಿ. ಪ್ರತಿ ಹೆಜ್ಜೇಲೂ ಬಾರಲ್ಲಿ ಒಂದು ಥರ್ಟಿ ಹಾಕ್ಸಿ ನೋಡಿ, ಫುಲ್ ಬಾಟ್ಲಿ ಬೇಡ. ಹಿಡಿಸ್ಲಿಲ್ಲ ಅಂದ್ರೂ ಏನೂ ಕಳ್ಕೊಂಡಿಲ್ಲ, ಮನೇಲಿ ಉಳಿದಿರೋ ಲಾಫ್ರಾಯ್ಗ್ ಆ ಫ್ರೆಂಡಿಗೇ ಕೊಟ್ಟು ಬದ್ಲಿಗೆ ಒಂದು ಬ್ಲಾಕ್ ಲೇಬಲ್ ಈಸ್ಕೊಳ್ಳಿ.